ಜೂನ್ ಒಂದಕ್ಕೆ ಹುಟ್ಟಿದ ಗೋಲ್‌ಕೀಪರ್

ನನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿತ್ತು. ಆಮೇಲೆ ಆದದ್ದಕ್ಕೆಲ್ಲ ಅದೇ ಮೂಲ ಎಂದು ಈಗ ಅನಿಸುತ್ತದೆ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಾಲ್ಕು ಗೆರೆಯ ನೋಟ್‌ಬುಕ್ಕಿನಲ್ಲಿ ಬೆರಳು ಹಿಡಿದು ತಿದ್ದಿಸಿದ ಅಕ್ಷರ ಅದು. ಪುಟ ಚೊಕ್ಕ ಇದ್ದರೆ ಮನಸ್ಸೂ ಚೊಕ್ಕ ಇರುತ್ತದೆ ಎಂದು ಅವರು ನಂಬಿದ್ದರು. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಮೊನ್ನೆ ಹಾವೇರಿಯ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಇಬ್ಬರಿಗೂ ಹೊಸದಾಗಿ ಪಿ.ಟಿ. ಟೀಚರ್ ಕೆಲಸ ಸಿಕ್ಕಿದೆ, ಒಬ್ಬಳಿಗೆ ಗುತ್ತಲದಲ್ಲಿ, ಇನ್ನೊಬ್ಬಳಿಗೆ ಕರ್ಜಗಿಯಲ್ಲಿ. ಚಹಾ ಕುಡಿಯುತ್ತ, "ಮೇಡಂ, ಈ ಕೆಲಸ ಹೆಂಗ ಇರತೈತಿ, ಖರೇ ಹೇಳ್ರಿ" ಎಂದು ಕೇಳಿದರು. ನಾನು ಸೀಟಿ ಯಾವುದು ತಗೋಬೇಕು, ಬಿಸಿಲಿನಲ್ಲಿ ಮಕ್ಕಳಿಗೆ ಎಷ್ಟು ಹೊತ್ತಿಗೊಮ್ಮೆ ನೀರು ಕುಡಿಸಬೇಕು, ಖೋ ಖೋ ಕಂಬಕ್ಕೆ ಯಾವ ಕಟ್ಟಿಗೆ ಒಳ್ಳೆಯದು ಅಂತೆಲ್ಲ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ, ಖರೇದ್ದನ್ನು ಹೇಳಲೇ ಇಲ್ಲವಲ್ಲ ಅನಿಸಿತು. ಅದನ್ನು ಹೇಳಬೇಕೆಂದರೆ ಬ್ಯಾಡಗಿಯ ಒಂದು ದಾಖಲಾತಿ ರಿಜಿಸ್ಟರಿನಲ್ಲಿ ನಾನೇ ಬರೆದ ಒಂದು ಸಾಲಿನ ಕತೆ ಹೇಳಬೇಕು. ಬಾಯಲ್ಲಿ ಆಗಲಿಲ್ಲ, ಬರೆಯುತ್ತೇನೆ.

ಹಾವೇರಿಯಿಂದ ಬ್ಯಾಡಗಿಗೆ ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಟನ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ಆ ಕಾಲಕ್ಕೆ ಅದೊಂದು ನೋಡುವಂಥ ದೃಶ್ಯವೇ. ಬಸ್ಸಿನ ಕಂಡಕ್ಟರ್ ದಿನಾ ಒಂದೇ ಜೋಕು ಹೊಡೆಯುತ್ತಿದ್ದ: "ಅಕ್ಕಾರ, ಇವತ್ತ ಸೀಟಿ ನಾ ಊದ್ಲ್ಯೋ, ನೀವ ಊದ್ತೀರೋ?" ನಮ್ಮ ಕಡೆ ಟೀಚರ್‌ಗೆ ಅಕ್ಕಾರ ಅನ್ನುತ್ತಾರೆ. ಕಾನ್ವೆಂಟಿನಿಂದ ಬಂದ ನನಗೆ ಮೊದಮೊದಲು ಅದು ಒಂಥರಾ ಅನಿಸುತ್ತಿತ್ತು. ಮಕ್ಕಳಿಗೆ 'ಮಿಸ್' ಅನ್ನಬೇಕು ಎಂದು ಕಲಿಸಿದೆ. ಮಕ್ಕಳು ಕಲಿತರು, ಅವರ ತಾಯಂದಿರು ಕಲಿಯಲಿಲ್ಲ. ಕೊನೆಗೆ ಅಕ್ಕಾರ ಅನ್ನಿಸಿಕೊಳ್ಳದ ದಿನ ಏನೋ ಕಳಕೊಂಡ ಹಾಗೆ ಆಗುತ್ತಿತ್ತು.

ಪಿ.ಟಿ. ಟೀಚರ್ ಅಂದರೆ ಯಾರ ಕಣ್ಣಿಗೂ ಕೆಲಸ ಇಲ್ಲದವಳು. ಗಣಿತದ ಪೋರ್ಶನ್ ಮುಗಿದಿಲ್ಲವೇ, ಪಿ.ಟಿ. ಪೀರಿಯಡ್ ತಗೊಳ್ಳಿ. ಕ್ಲಾರ್ಕ್ ರಜಾ ಹಾಕಿದ್ದಾನೆಯೇ, ಪಿ.ಟಿ. ಟೀಚರನ್ನು ಕರೆಯಿರಿ. ಸೇರಿದ ಮೊದಲ ಜೂನಿನಲ್ಲೇ ನಮ್ಮ ಹೆಡ್‌ಮಾಸ್ಟರ್ ಪಟ್ಟಣಶೆಟ್ಟಿ ಸರ್ ನಾನು ಬರೆದ ಒಂದು ರಜಾ ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಚಂದ ಅಕ್ಷರ ಮೈದಾನದಲ್ಲಿ ಹಾಳಾಗಬಾರದು ಎಂದು ತೀರ್ಮಾನಿಸಿದರು. ರಜಾ ಕೊಡಲಿಲ್ಲ. ಒಂದನೇ ಕ್ಲಾಸಿನ ದಾಖಲಾತಿ ರಿಜಿಸ್ಟರ್ ಕೊಟ್ಟರು. ರಿಟೈರ್ ಆಗುವವರೆಗೆ ಅದು ನನ್ನ ಹತ್ತಿರವೇ ಉಳಿಯಿತು.

ಮಗುವನ್ನು ಕರಕೊಂಡು ಬಂದ ತಾಯಿಗೆ ಹುಟ್ಟಿದ ತಾರೀಖು ಕೇಳಿದರೆ ಉತ್ತರ ಹೀಗಿರುತ್ತಿತ್ತು: ಇದು ಹೊಟ್ಟ್ಯಾಗ ಇದ್ದಾಗ ಹೊಳಿ ಬಂದಿತ್ರಿ. ಅಥವಾ, ನಮ್ಮ ಮೈದುನನ ಲಗ್ನ ಆದ ಮರುವರ್ಷ. ಮೈದುನನ ಲಗ್ನ ಯಾವಾಗ ಆಯಿತು ಎಂದರೆ ಮೈದುನನನ್ನೇ ಕೇಳಬೇಕು, ಅವನು ಮುಂಬೈಯಲ್ಲಿ. ಇದಕ್ಕೆಲ್ಲ ಶಾಲೆಯಲ್ಲಿ ಒಂದು ಪದ್ಧತಿ ಮೊದಲೇ ಇತ್ತು. ಜೂನ್ ಒಂದು ಅಂತ ಬರೆಯುವುದು. ಶಾಲೆ ಸುರುವಾಗುವ ಹೊತ್ತಿಗೆ ವಯಸ್ಸು ಸರಿಯಾಗಿ ತುಂಬಿರಬೇಕಲ್ಲ, ಅದಕ್ಕೆ ಬೇಕಾದ ಇಸವಿ ಲೆಕ್ಕ ಹಾಕಿ ಮುಂದೆ ಬರೆದರಾಯಿತು. ಹೆಡ್ ಸರ್ ಅದಕ್ಕೆ 'ಸರ್ಕಾರಿ ಹುಟ್ಟು' ಅನ್ನುತ್ತಿದ್ದರು. ಇಡೀ ನಾಡಿನಲ್ಲೇ ಹೀಗೆ ನಡೆಯುತ್ತಿತ್ತು, ನಾನೇನು ಹೊಸದು ಮಾಡಲಿಲ್ಲ. ಹಾಗಂತ ಹೇಳಿಕೊಳ್ಳುವುದು ಸುಲಭ.

ಎಚ್ಚರಿಕೆ ಬರಲಿಲ್ಲ ಅಂತಲೂ ಅಲ್ಲ. ಒಂದು ವರ್ಷ ನಮ್ಮ ಹುಡುಗಿಯರ ಖೋ ಖೋ ಟೀಮನ್ನು ರಾಣೆಬೆನ್ನೂರಿಗೆ ಕರಕೊಂಡು ಹೋಗಿದ್ದೆ. ಅಲ್ಲಿ ವಯಸ್ಸಿನ ಪ್ರಮಾಣಪತ್ರ ನೋಡಲು ಮೈಸೂರು ಕಡೆಯವರೊಬ್ಬರು ಕೂತಿದ್ದರು. ಒಂದು ಹಾಳೆ ನೋಡಿದರು, ಎರಡನೆಯದು ನೋಡಿದರು, ಹನ್ನೆರಡನೆಯದನ್ನೂ ನೋಡಿ ಕನ್ನಡಕ ತೆಗೆದರು. "ಏನಮ್ಮ, ಹನ್ನೆರಡು ಮಕ್ಕಳೂ ಒಬ್ಬಳೇ ತಾಯಿ ಹೆತ್ತದ್ದಾ?" ಸುತ್ತಲಿನವರೆಲ್ಲ ನಕ್ಕರು. ನನಗೂ ನಗು ಬಂತು. ವಾಪಸು ಬಂದು ಹೆಡ್ ಸರ್‌ಗೆ ಹೇಳಿದೆ, ಅವರೂ ನಕ್ಕರು. ಆ ನಗುವಿನಲ್ಲೇ ಮಾತು ಮುಗಿದುಹೋಯಿತು. ಆನೆಸ್ಟ್ಲಿ, ಅವತ್ತು ನಾನು ನಗದೆ ಸ್ವಲ್ಪ ಯೋಚನೆ ಮಾಡಬೇಕಿತ್ತು.

ಇನ್ನು ಆ ಸಾಲು.

ಒಂದು ಜೂನಿನಲ್ಲಿ ಮೆಹಬೂಬಿ ಎಂಬ ಹೆಂಗಸು ಮಗಳನ್ನು ಕರಕೊಂಡು ಬಂದಳು. ಬ್ಯಾಡಗಿ ಗೊತ್ತಿದ್ದವರಿಗೆ ಅವಳ ಕೆಲಸ ಹೇಳಬೇಕಾಗಿಲ್ಲ. ವ್ಯಾಪಾರಿಗಳ ಕಟ್ಟೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು. ಮಗಳು ರುಬೀನಾ. ಎರಡೂ ಕಣ್ಣು ಊದಿ ಗೆರೆಯಾಗಿದ್ದವು. ಸೀಜನ್ ಪೂರ್ತಿ ಆ ಮಗು ತಾಯಿ ಪಕ್ಕ ಮೆಣಸಿನಕಾಯಿ ರಾಶಿಯಲ್ಲೇ ಕೂತಿತ್ತು, ಬಿಟ್ಟುಬರಲು ಮನೆಯಲ್ಲಿ ಯಾರೂ ಇರಲಿಲ್ಲ. ವಯಸ್ಸು ಕೇಳಿದೆ. ಮೆಹಬೂಬಿಗೆ ಸರಿಯಾಗಿ ಗೊತ್ತಿತ್ತು: ಮಾರ್ಚ್ ತಿಂಗಳು, ಪೇಟೆಯ ದಿನ, ಸರ್ಕಾರಿ ದವಾಖಾನೆ. ನಾನು ಲೆಕ್ಕ ಹಾಕಿದೆ. ತಿಂಗಳುಗಟ್ಟಲೆ ಕಮ್ಮಿ ಬಿತ್ತು. ಮುಂದಿನ ವರ್ಷ ಬರ್ರಿ ಎಂದೆ.

ಅವಳು ಅಳಲಿಲ್ಲ, ಗೋಗರೆಯಲಿಲ್ಲ. ಮಗಳ ಮುಖ ನನ್ನ ಕಡೆ ತಿರುಗಿಸಿದಳು ಅಷ್ಟೆ. "ಇನ್ನೊಂದ ಸೀಜನ್ ಈ ಕಣ್ಣ ಉಳಿತಾವೇನ್ರಿ ಅಕ್ಕಾರ?"

ನಾನು ಪೆನ್ನು ತೆಗೆದು ರುಬೀನಾ ಎಂಬ ಹೆಸರಿನ ಮುಂದೆ, ಅವಳ ಖರೇ ಇಸವಿಗಿಂತ ಒಂದು ಇಸವಿ ಹಿಂದಕ್ಕೆ ಹೋಗಿ, ಜೂನ್ ಒಂದು ಎಂದು ಬರೆದೆ. ಬಹಳ ಚಂದವಾಗಿ ಬರೆದೆ. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ಇತ್ತು.

ವರ್ಷಗಳು ಹೋದವು. ಖೋ ಖೋ, ಕಬಡ್ಡಿ ನಡುವೆ ನಮ್ಮ ಶಾಲೆಗೆ ಸ್ಕೇಟಿಂಗ್ ಬಂದದ್ದು ಒಂದು ಆಕಸ್ಮಿಕ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಮಕ್ಕಳು ದೊಡ್ಡವರಾಗಿ, ಅವರ ಮತ್ತು ಅವರ ಕಸಿನ್‌ಗಳ ಹಳೆಯ ಸ್ಕೇಟ್‌ಗಳನ್ನು ಒಂದು ಗೋಣಿಚೀಲದಲ್ಲಿ ತುಂಬಿ ಶಾಲೆಗೆ ಕಳಿಸಿದ್ದರು. ನಮ್ಮ ಮೈದಾನ ಕೆಂಪು ಮಣ್ಣು, ಗಾಲಿ ಹೂತುಹೋಗುತ್ತಿದ್ದವು. ಆಗ ಹೊಳೆದದ್ದು ಮೆಣಸಿನಕಾಯಿ ಕಟ್ಟೆ. ನುಣ್ಣನೆಯ ಸಿಮೆಂಟು, ಊರಷ್ಟು ಅಗಲ. ಚೀಲಗಳು ಬಂದಿಳಿಯುವ ಮೊದಲು, ಬೆಳಗ್ಗೆ ಆರರಿಂದ ಏಳೂವರೆವರೆಗೆ ನಮಗೆ ಬಿಟ್ಟುಕೊಡಿ ಎಂದು ಒಬ್ಬ ವ್ಯಾಪಾರಿಯನ್ನು ಕೇಳಿದೆ. ಕಸ ನೀವೇ ಹೊಡೆಯಬೇಕು ಎಂಬ ಕರಾರಿನ ಮೇಲೆ ಒಪ್ಪಿದರು.

ಯಾವ ಟ್ರೇನಿಂಗಿನಲ್ಲೂ ಹೇಳಿಕೊಡದ ವಿದ್ಯೆ ಅದು. ಮೊದಲು ಬೀಜ ಗುಡಿಸಬೇಕು; ಒಂದು ಬೀಜ ಗಾಲಿಯ ಬೇರಿಂಗಿಗೆ ಹೊಕ್ಕರೆ ಹುಡುಗಿ ಮುಗ್ಗರಿಸುತ್ತಾಳೆ. ಆಮೇಲೆ ನೀರು ಚಿಮುಕಿಸಿ ಘಾಟು ಕೂರಿಸಬೇಕು. ಇನ್ನೊಂದು ನಿಯಮ, ಬಿದ್ದರೂ ಅತ್ತರೂ ಕೈ ಕಣ್ಣಿಗೆ ಹೋಗಬಾರದು. ಬೇರೆ ಮಕ್ಕಳಿಗೆ ಇದನ್ನು ಕಲಿಸಲು ತಿಂಗಳು ಹಿಡಿಯಿತು. ಐದನೇ ಕ್ಲಾಸಿನ ರುಬೀನಾಗೆ ಕಲಿಸಬೇಕಾಗಲಿಲ್ಲ. ಅದೇ ಕಟ್ಟೆಯಲ್ಲಿ ಕೂತು ಬೆಳೆದವಳು.

ಸ್ಕೇಟ್ ಕಟ್ಟಿಕೊಂಡು ಆಡುವ ರೋಲರ್ ಹಾಕಿ ಆಟ ಸುರು ಮಾಡಿದಾಗ ಅವಳನ್ನು ಗೋಲಿಗೆ ನಿಲ್ಲಿಸಿದೆ. ಚೆಂಡು ಮುಖಕ್ಕೆ ಬಂದರೆ ಎಲ್ಲ ಮಕ್ಕಳೂ ಕಣ್ಣು ಮುಚ್ಚುತ್ತವೆ. ಇವಳು ಮುಚ್ಚುತ್ತಿರಲಿಲ್ಲ. ಕೈಗಳು ಎದೆಯ ಮುಂದೆ, ಕಣ್ಣು ಚೆಂಡಿನ ಮೇಲೆ, ಬಾಯಿ ಮಾತ್ರ ಎದುರಾಳಿಗಳ ಜೊತೆ ಮಾತಾಡುತ್ತಲೇ ಇರುತ್ತಿತ್ತು. "ಬಾರಬೇ, ಹೊಡಿ ನೋಡೂಣು. ನಿಮ್ಮವ್ವ ಬುತ್ತಿ ಕಟ್ಟಿಲ್ಲೇನ ಇವತ್ತ?" ನಾನು "ರುಬೀನಾ, ಮ್ಯಾನರ್ಸ್!" ಎಂದು ಕೂಗುತ್ತಿದ್ದೆ. ಕೂಗಿ, ಆಚೆ ತಿರುಗಿ ನಗುತ್ತಿದ್ದೆ.

ನಾನು ರಿಟೈರ್ ಆದ ಮೇಲೂ ಬೆಳಗಿನ ಬಸ್ಸು ಬಿಡಲಿಲ್ಲ. ಆ ಹೊತ್ತಿಗೆ ಅವಳು ರೋಲರ್ ಹಾಕಿಯ ರಾಜ್ಯ ಟೀಮಿನಲ್ಲಿದ್ದಳು. ಒಂದು ದಿನ ಪತ್ರ ಬಂತು. ಐಸ್ ಹಾಕಿಗೆ ಹುಡುಗಿಯರು ಬೇಕಾಗಿದ್ದಾರೆ, ರೋಲರ್ ಆಡುವವರು ಲಡಾಖಿನ ಕ್ಯಾಂಪಿಗೆ ಬರಬಹುದು. ಏಷ್ಯಾದಲ್ಲಿ ಈ ಆಟವನ್ನು ಇನ್ನೂ ಕಲಿಯುತ್ತಿರುವ ದೇಶಗಳ ಹುಡುಗಿಯರಿಗಾಗಿಯೇ ಒಂದು ಟೂರ್ನಮೆಂಟ್ ಇದೆ, ಅಲ್ಲಿಗೆ ಹೋಗುವ ಟೀಮನ್ನು ಆ ಕ್ಯಾಂಪಿನಲ್ಲಿ ಆರಿಸುತ್ತಾರೆ. ನಡೆಯುವುದು ಎಂದೂ ಚಳಿ ಕಾಣದ ಒಂದು ದೇಶದಲ್ಲಿ, ಶಾಪಿಂಗ್ ಮಾಲಿನ ಒಳಗಿನ ಐಸ್ ರಿಂಕಿನಲ್ಲಿ. ನನಗೆ ಅದು ಬಹಳ ಸೇರಿತು. ಹಿಮ ಕಾಣದ ಊರಿನವರು ಹಿಮ ಕಾಣದ ಊರಿಗೆ ಹೋಗಿ ಐಸ್ ಮೇಲೆ ಆಡುವುದು!

ರುಬೀನಾ ಐಸನ್ನು ಕಂಡದ್ದು ಕಬ್ಬಿನಹಾಲಿನ ಅಂಗಡಿಯಲ್ಲಿ. ಚಳಿ ರೂಢಿ ಮಾಡಿಸುವುದು ಹೇಗೆ? ಬ್ಯಾಡಗಿಯಲ್ಲಿ ಅದಕ್ಕೂ ದಾರಿ ಇತ್ತು. ಮೆಣಸಿನಕಾಯಿ ಬಣ್ಣ ಕೆಡದ ಹಾಗೆ ಇಡುವ ಕೋಲ್ಡ್ ಸ್ಟೋರೇಜ್‌ಗಳು. ಒಂದರ ಮ್ಯಾನೇಜರ್ ನನ್ನ ಹಳೆಯ ವಿದ್ಯಾರ್ಥಿ, ಜೂನ್ ಒಂದರವನೇ. ಚೀಲಗಳ ಸಾಲಿನ ನಡುವೆ ಕಾಲುಗಂಟೆ, ಅರ್ಧಗಂಟೆ, ಆಮೇಲೆ ಒಂದು ಗಂಟೆ ಅವಳನ್ನು ನಿಲ್ಲಿಸಿ, ಟೆನ್ನಿಸ್ ಬಾಲ್ ಎಸೆದು ಹಿಡಿಸುತ್ತಿದ್ದೆ. ನಾನು ಎರಡು ಸ್ವೆಟರ್, ಮೇಲೆ ಶಾಲು, ತಲೆಗೆ ಮಫ್ಲರ್. ಅವಳು ಹಲ್ಲು ಕಟಕಟ ಅನ್ನಿಸುತ್ತಲೇ ನನ್ನ ಅವತಾರ ನೋಡಿ ನಗುವಳು. "ಮಿಸ್, ಲಡಾಖಿಗೆ ನೀವ ಹೊಂಟಂಗ ಕಾಣ್ತೀರಿ." ಹೊರಗೆ ಬಂದರೆ ಇಬ್ಬರೂ ಅಕ್ಷಿ ಅಕ್ಷಿ ಎಂದು ಸೀನುತ್ತ, ಮಸಾಲೆ ಡಬ್ಬಿಯ ವಾಸನೆ ಹೊಡೆಯುತ್ತ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆವು.

ಲಡಾಖಿನ ಕ್ಯಾಂಪಿಗೆ ಹೋಗಿ ಆಯ್ಕೆಯಾಗಿ ಬಂದಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ಆಡುತ್ತ ಬೆಳೆದ ಹುಡುಗಿಯರ ನಡುವೆ, ಬ್ಯಾಡಗಿಯವಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟು ಪಾಸ್‌ಪೋರ್ಟ್ ಮಾಡಿಸಿದೆವು. ಜರ್ಸಿಗೆ ಅಳತೆ ಕಳಿಸಿದೆವು. ವಯಸ್ಸಿನ ಮಿತಿ ಇತ್ತು: ಇಂಥ ವರ್ಷದ ಜನವರಿ ಒಂದರ ನಂತರ ಹುಟ್ಟಿರಬೇಕು. ಮಾರ್ಕ್ಸ್ ಕಾರ್ಡಿನ ಪ್ರಕಾರ ಅವಳು ಅದೇ ವರ್ಷದವಳು, ಒಳಗಿದ್ದಳು. ನನಗೆ ಏನೂ ನೆನಪಾಗಲಿಲ್ಲ. ಖರೇ ಹೇಳುತ್ತೇನೆ, ಆ ಸಾಲು ನನ್ನ ತಲೆಯಿಂದ ಅಳಿಸಿಯೇ ಹೋಗಿತ್ತು.

ಅಷ್ಟರಲ್ಲಿ ಕೊರೊನಾ ಬಂತು. ಟೂರ್ನಮೆಂಟ್ ಒಂದು ವರ್ಷ ಮುಂದಕ್ಕೆ ಹೋಯಿತು. ಲಾಕ್‌ಡೌನಿನಲ್ಲಿ ಹಾವೇರಿಯಲ್ಲಿ ನಾನು, ಬ್ಯಾಡಗಿಯಲ್ಲಿ ಅವಳು. ಫೋನಿನಲ್ಲಿ ಆ ಇಮೇಲ್ ಓದಿ ಹೇಳಿದಳು. ಆಟ ಒಂದು ವರ್ಷ ಮುಂದೆ ಹೋದದ್ದರಿಂದ ವಯಸ್ಸಿನ ಮಿತಿಯೂ ಒಂದು ವರ್ಷ ಮುಂದೆ. ಓದುತ್ತ ಓದುತ್ತ ಅವಳ ದನಿ ನಿಂತಿತು.

"ಮಿಸ್, ಈ ಲೆಕ್ಕದಾಗ ನಾ ಹೊರಗ ಬೀಳ್ತೇನಿ."

ಇನ್ನೊಮ್ಮೆ ಓದಿಸಿದೆ. ಹೌದು. ಕಾರ್ಡಿನಲ್ಲಿದ್ದದ್ದು ಹೊಸ ಮಿತಿಯ ಹಿಂದಿನ ವರ್ಷದ ಜೂನ್ ಒಂದು, ಹೊರಗೆ. ಹಿಂದಿನಿಂದ ಮೆಹಬೂಬಿಯ ದನಿ ಕೇಳಿಸಿತು, ಅದೆಂಗ ಹೊರಗ ಬೀಳ್ತಿ, ನೀ ಹುಟ್ಟಿದ್ದು ಅದರ ಮುಂದಿನ ಮಾರ್ಚಿಗಲ್ಲೇನ ಎಂದು. ಆಗ ನನಗೆ ಎಲ್ಲ ಕಣ್ಣ ಮುಂದೆ ಬಂತು: ಊದಿದ ಕಣ್ಣುಗಳು, ನನ್ನ ಪೆನ್ನು, ಆ ಚಂದದ ಅಕ್ಷರ. ಖರೇ ತಾರೀಖು ಇದ್ದಿದ್ದರೆ ಅವಳು ಒಳಗೇ ಇರುತ್ತಿದ್ದಳು. ಆ ವಯಸ್ಸಿನವರ ಆಟಕ್ಕೆ ಅದು ಅವಳ ಕೊನೆಯ ಸರದಿ. ದೊಡ್ಡವರ ಟೀಮಿನಲ್ಲಿ ಗೋಲ್‌ಕೀಪರ್ ಜಾಗ ಖಾಲಿಯಾಗುವುದು ಯಾವ ಕಾಲಕ್ಕೋ.

ನಾನು ಫೋನಿನಲ್ಲಿ ಹೇಳಿದೆ, ಅದನ್ನು ಬರೆದವಳು ನಾನು ಎಂದು. ಅವಳಿಗೆ ಗೊತ್ತಿರಲಿಲ್ಲ. "ಇಡ್ತೇನ್ರಿ ಮಿಸ್" ಎಂದಳು. ಎಂಟು ದಿನ ಫೋನ್ ಮಾಡಲಿಲ್ಲ. ಐ ಡಿಸರ್ವ್ಡ್ ಇಟ್.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತಾರೀಖು ಬದಲಾಗಬೇಕೆಂದರೆ ಕೋರ್ಟಿನ ಹುಕುಂ ಬೇಕು. ಬಸ್ಸು ಓಡಲು ಸುರುವಾದ ಕೂಡಲೇ ಬ್ಯಾಡಗಿಗೆ ಹೋಗಿ ವಕೀಲರನ್ನು ಹಿಡಿದೆ. ಜನನ ನೋಂದಣಿಯ ಹಳೆಯ ಪುಸ್ತಕ ತೆಗೆಸಿದೆವು. ಮೆಹಬೂಬಿ ಹೇಳಿದ್ದು ಸುಳ್ಳಾಗಲಿಲ್ಲ. ಮಾರ್ಚ್, ಪೇಟೆಯ ದಿನ, ತಾಯಿಯ ಹೆಸರು ಮೆಹಬೂಬಿ, ಹೆಣ್ಣುಮಗು. ಮಗುವಿನ ಹೆಸರಿನ ಜಾಗ ಖಾಲಿ ಇತ್ತು. ಖಾಲಿ ಇರುವುದರಿಂದ ಆ ಮಗು ಇವಳೇ ಎಂದು ಕೋರ್ಟಿಗೆ ನಂಬಿಸಬೇಕು, ಶಾಲೆಯಲ್ಲಿ ತಪ್ಪು ತಾರೀಖು ಹೇಗೆ ಬಂತು ಎಂದು ಹೇಳಲು ಒಬ್ಬರು ಸಾಕ್ಷಿ ಬೇಕು ಎಂದರು ವಕೀಲರು.

ರಿಜಿಸ್ಟರಿನಲ್ಲಿ ಅಕ್ಷರ ನನ್ನದು, ಸಹಿ ಪಟ್ಟಣಶೆಟ್ಟಿ ಸರ್‌ದು. ಅವರಿಗೆ ಹೇಳದೆ ಕೋರ್ಟಿಗೆ ಹೋಗುವುದು ಸರಿಯಲ್ಲ ಎಂದು ಅವರ ಮನೆಗೆ ಹೋದೆ. ಎಪ್ಪತ್ತು ದಾಟಿದವರು, ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಎಲ್ಲ ಕೇಳಿ, ಪೇಪರ್ ಮಡಿಸಿ, ತೊಡೆಯ ಮೇಲೆ ಇಟ್ಟುಕೊಂಡರು.

"ಅಲ್ರಿ ಅಕ್ಕಾರ, ಇದನ್ನ ಯಾಕ ಇಷ್ಟ ದೊಡ್ಡದ ಮಾಡ್ತೀರಿ? ತಾಯಿ ತಪ್ಪ ತಾರೀಖ ಹೇಳಿದ್ಲು, ನಾವ ಬರಕೊಂಡ್ವಿ. ಅಷ್ಟ ಹೇಳ್ರಿ. ಆಕಿಗೇನ ನೌಕರಿ ಐತೇನ, ಪೆನ್ಷನ್ ಐತೇನ ಹೋಗಾಕ?"

ಅವರು ಕೆಟ್ಟವರಲ್ಲ. ನನ್ನ ಮದುವೆಯಾಗದ ಬದುಕಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಹಗುರವಾಗಿ ಮಾತಾಡಿದರೆ ಕೆಮ್ಮಿ ನಿಲ್ಲಿಸುತ್ತಿದ್ದ ಮನುಷ್ಯ. ಈಗಲೂ ನನ್ನನ್ನು ಉಳಿಸಲೆಂದೇ ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಬೇಕು: ವಾಪಸು ಬಸ್ಸಿನಲ್ಲಿ ಕೂತಾಗ ಅವರ ಮಾತು ನನಗೆ ಸರಿ ಅನಿಸತೊಡಗಿತ್ತು. ಹೌದಲ್ಲ, ಯಾರಿಗೂ ನಷ್ಟವಿಲ್ಲ. ಮೆಹಬೂಬಿಯನ್ನು ಕೇಳಿದರೆ ಒಪ್ಪಿಯೂ ಒಪ್ಪುತ್ತಾಳೆ. ಹೀಗೆ ಯೋಚಿಸುತ್ತ ಮೋಟೆಬೆನ್ನೂರು ದಾಟಿದ್ದು ನನಗೆ ನೆನಪಿದೆ.

ಕೋರ್ಟಿನಲ್ಲಿ ಮೊದಲು ಮೆಹಬೂಬಿಯನ್ನು ಕರೆದರು. ಮಾಸ್ಕು ಗದ್ದದ ಕೆಳಗೆ ಎಳೆದು ನಿಂತಳು. ಜಡ್ಜ್ ಒಬ್ಬ ಹೆಣ್ಣುಮಗಳು, ನನ್ನ ವಿದ್ಯಾರ್ಥಿನಿಯಾಗಬಹುದಾದ ವಯಸ್ಸು. ಮಗಳು ಜೂನ್ ಒಂದಕ್ಕೆ ಹುಟ್ಟಿಲ್ಲ ಎನ್ನಲು ನಿಮ್ಮ ಹತ್ತಿರ ಏನು ಆಧಾರ ಎಂದು ಸರ್ಕಾರದ ವಕೀಲರು ಕೇಳಿದರು. ಮೆಹಬೂಬಿ ಚೀಲದಿಂದ ತನ್ನ ನಿಕಾಹ್‌ನಾಮಾ ತೆಗೆದಳು.

"ನೋಡ್ರಿ ಸಾಹೇಬ್ರ, ನನ್ನ ಲಗ್ನ ಆಗಿದ್ದ ಆ ವರ್ಷ ಮೇ ತಿಂಗಳ ಕಡೀ ವಾರ. ಜೂನ್ ಒಂದಕ್ಕ ನನ್ನ ಕೈಮ್ಯಾಲಿನ ಮೆಹಂದಿನ ಇನ್ನ ಅಳಿಸಿದ್ದಿಲ್ಲ. ಅಷ್ಟ ಲಗೂ ಹಡ್ಯಾಕ ಹೆಂಗ ಬರತೈತ್ರಿ?"

ಇಡೀ ಕೋರ್ಟು ನಕ್ಕಿತು. ಜಡ್ಜ್ ತಲೆ ತಗ್ಗಿಸಿ ಏನೋ ಬರೆಯುವ ಹಾಗೆ ಮಾಡಿದರು. ನಾನು ಮಾತ್ರ ನಗಲಿಲ್ಲ. ರಾಣೆಬೆನ್ನೂರಿನ ಆ ನಗು ನೆನಪಾಯಿತು. ಒಬ್ಬ ಮರ್ಯಾದಸ್ಥ ಹೆಂಗಸನ್ನು ಮದುವೆಯಾದ ವಾರಕ್ಕೆ ತಾಯಿ ಮಾಡಿ, ಅದನ್ನು ಸರ್ಕಾರಿ ಕಾಗದದಲ್ಲಿ ಇಷ್ಟು ವರ್ಷ ಇಟ್ಟಿದ್ದೆ.

ಹಾಗಾದರೆ ಶಾಲೆಯಲ್ಲಿ ಈ ತಾರೀಖು ಹೇಳಿದ್ದು ಯಾರು, ನೀವೇ ತಾನೇ ಎಂದರು ಸರ್ಕಾರದ ವಕೀಲರು. ಮೆಹಬೂಬಿ ನನ್ನ ಕಡೆ ನೋಡಿದಳು. ಒಂದೇ ಕ್ಷಣ.

"ನಾನ ಹೇಳಿರಬೇಕ್ರಿ," ಎಂದಳು. "ಓದು ಬರಹ ಇಲ್ಲದಾಕಿ ನಾನು."

ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಡ್ ಸರ್ ಹೇಳಿದ ಸುಳ್ಳನ್ನೇ ಅವಳು ತಾನಾಗಿ ನನಗೆ ಕೊಡುತ್ತಿದ್ದಳು. ಕಟಕಟೆಗೆ ಹೋಗಿ ನಿಂತು ಪ್ರಮಾಣ ಮಾಡಿದೆ. ತಾಯಿ ತಪ್ಪು ತಾರೀಖು ಹೇಳಿದ್ದು ನಿಜವೇ ಎಂದು ಕೇಳಿದರು.

"ನೋ," ಎಂದೆ. ಬಾಯಿಗೆ ಮೊದಲು ಬಂದದ್ದು ಇಂಗ್ಲಿಷ್. "ಅವರು ಮಾರ್ಚ್ ಅಂತಲೇ ಹೇಳಿದರು. ನನಗೆ ಸರಿಯಾಗಿ ಕೇಳಿಸಿತ್ತು. ಜೂನ್ ಒಂದು ಅಂತ ಬರೆದವಳು ನಾನು. ಗೊತ್ತಿದ್ದೇ ಬರೆದೆ."

ಯಾಕೆ ಎಂದರು ಜಡ್ಜ್. ಕಣ್ಣಿನ ವಿಷಯ ಹೇಳಿದೆ. ಹೀಗೆ ಇನ್ನೂ ಎಷ್ಟು ಮಕ್ಕಳಿಗೆ ಬರೆದಿದ್ದೀರಿ ಎಂದು ಕೇಳಿದರು. ನೆನಪಿಲ್ಲ ಮೇಡಂ ಎಂದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಜಿಸ್ಟರಿನ ಆ ಪುಟವನ್ನು ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ, ಅಕ್ಷರ ಬಹಳ ಸ್ಪಷ್ಟವಾಗಿದೆ ಎಂದರು. ಹೊರಗೆ ವರಾಂಡದಲ್ಲಿ ಕೋರ್ಟಿನ ನಡುವಯಸ್ಸಿನ ಗುಮಾಸ್ತರೊಬ್ಬರು ಹತ್ತಿರ ಬಂದು, ಅಕ್ಕಾರ, ನಂದೂ ಜೂನ್ ಒಂದ ರೀ ಎಂದು ಪಿಸುಗುಟ್ಟಿ ಹೋದರು.

ಮೆಹಬೂಬಿ ನನ್ನ ಮೇಲೆ ಸಿಟ್ಟಾಗಿದ್ದಳು. ತಾನು ಹೊತ್ತುಕೊಳ್ಳಬೇಕೆಂದಿದ್ದನ್ನು ನಾನು ಕಸಿದುಕೊಂಡೆ ಅಂತ. ಬಸ್ ಸ್ಟ್ಯಾಂಡಿನವರೆಗೂ ಮಾತಾಡಲಿಲ್ಲ. ಬಸ್ಸು ಹತ್ತುವಾಗ ಕೈ ಹಿಡಿದು ಹತ್ತಿಸಿದಳು. ರುಬೀನಾ ನಮ್ಮಿಬ್ಬರ ಚೀಲ ಹಿಡಿದು ಹಿಂದೆ ಬರುತ್ತಿದ್ದಳು, ಕಿಟಕಿಯಲ್ಲಿ ಚೀಲ ಕೊಡುತ್ತ, "ಮಿಸ್, ನಾಳೆ ಪ್ರಾಕ್ಟೀಸಿಗೆ ಬರ್ತೀರಲ್ಲ?" ಎಂದಳು. ಎಂಟು ದಿನದ ಆ ಮೌನ ಅಂದಿಗೆ ಪೂರ್ತಿ ಮುಗಿಯಿತು ಎಂದು ನಾನು ತಿಳಿದೆ.

ಹುಕುಂ ಬಂತು. ಹುಕುಂ ತಗೊಂಡು ಮಾರ್ಕ್ಸ್ ಕಾರ್ಡ್, ಮಾರ್ಕ್ಸ್ ಕಾರ್ಡ್ ತಗೊಂಡು ಪಾಸ್‌ಪೋರ್ಟ್. ಹೊಸ ತಾರೀಖಿನ ಮೇಲೆ ಅವಳ ಹೆಸರು ಮತ್ತೆ ಟೀಮಿನಲ್ಲಿ ಸೇರಿತು. ನಾವು ಮತ್ತೆ ಕೋಲ್ಡ್ ಸ್ಟೋರೇಜಿನಲ್ಲಿ ಸೀನತೊಡಗಿದೆವು. ಇನ್ನೇನು ಕೆಲವೇ ವಾರ ಇದೆ ಎನ್ನುವಾಗ ರೋಗದ ಎರಡನೆಯ ಅಲೆ ಬಂತು. ಮತ್ತೆ ಇಮೇಲ್. ಈ ಸಲ ಮುಂದಕ್ಕೆ ಹಾಕಿರಲಿಲ್ಲ. ಟೂರ್ನಮೆಂಟ್ ಕ್ಯಾನ್ಸಲ್. ನಾಲ್ಕು ಸಾಲು, ಕೆಳಗೆ 'ವಿತ್ ರಿಗ್ರೆಟ್' ಎಂದು ಒಂದು ಸಹಿ.

ನಾನು ಫೋನಿನಲ್ಲಿ ಸಮಾಧಾನ ಹೇಳಲು ಹೋದೆ, ಆಗಲಿಲ್ಲ. ಕೋರ್ಟು, ಅಲೆದಾಟ ಎಲ್ಲ ವ್ಯರ್ಥವಾಯಿತಲ್ಲ ಮಗಳೇ ಎಂದುಬಿಟ್ಟೆ.

"ವ್ಯರ್ಥ ಯಾಕ್ರಿ ಮಿಸ್," ಎಂದಳು. ಅಳು ಇತ್ತು ದನಿಯಲ್ಲಿ, ಆದರೂ ತಡೆದು ತಡೆದು ಹೇಳಿದಳು. "ಹ್ವಾದ ವರ್ಷ ನಾ ಒಬ್ಬಾಕಿನ ಹೊರಗ ಬಿದ್ದಿದ್ದೆ. ಈ ಸಲ ಎಲ್ಲಾರ್ದೂ ಹೋತು. ಎಲ್ಲಾರ ಜೋಡಿ ಹೋತು."

ಈ ಮಾತನ್ನು ನಾನು ಬಹಳ ಸಲ ತಿರುವಿ ನೋಡಿದ್ದೇನೆ. ರೋಗ ಕಿತ್ತುಕೊಂಡದ್ದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಒಬ್ಬಳ ಪೆನ್ನು ಕಿತ್ತುಕೊಂಡದ್ದು ಬೇರೆ. ಜರ್ಸಿ ಮಾತ್ರ ಆಮೇಲೆ ಪೋಸ್ಟಿನಲ್ಲಿ ಬಂತು, ಬೆನ್ನ ಮೇಲೆ ಅವಳ ಹೆಸರು. ಅದನ್ನೇ ಹಾಕಿಕೊಂಡು ಕಟ್ಟೆಯ ಮೇಲೆ ಚಿಕ್ಕ ಮಕ್ಕಳಿಗೆ ಸ್ಕೇಟಿಂಗ್ ಕಲಿಸಿದಳು. ಬಿಳಿ ಇದ್ದದ್ದು ಈಗ ತೆಳುಗೆಂಪಾಗಿದೆ, ಎಷ್ಟು ಒಗೆದರೂ ಹೋಗುವುದಿಲ್ಲವಂತೆ.

ದೊಡ್ಡವರ ಟೀಮಿನಿಂದ ಕರೆ ಬರಲಿಲ್ಲ. ಅವಳು ಡಿಗ್ರಿ ಮುಗಿಸಿ, ಬಿ.ಪಿ.ಎಡ್. ಮಾಡಿ, ಈ ಜೂನಿನಲ್ಲಿ ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ಸೇರಿದಳು. ಅಕ್ಷರ ಚೆನ್ನಾಗಿದೆ, ನಾನೇ ತಿದ್ದಿಸಿದ್ದು. ಎರಡನೆಯ ದಿನವೇ ದಾಖಲಾತಿ ಕೆಲಸ ಅವಳ ಟೇಬಲ್ಲಿಗೆ ಬಂತು. ಈಗ ಎಲ್ಲ ಕಂಪ್ಯೂಟರ್, ಬರ್ತ್ ಸರ್ಟಿಫಿಕೇಟ್ ಬೇಕೇ ಬೇಕು. ಹಾಗಾಗಿ ಹಳೆಯ ಆಟ ನಡೆಯುವುದಿಲ್ಲ ಎಂದು ನಾನು ತಿಳಿದಿದ್ದೆ. ಜನ ಈಗ ಸರ್ಟಿಫಿಕೇಟನ್ನೇ ಕಳೆದುಹೋಗಿದೆ ಎನ್ನುತ್ತಾರಂತೆ. ಒಂದು ಅಫಿಡವಿಟ್ ಮಾಡಿಸಿ ತಂದುಬಿಡುತ್ತೇವೆ, ನೀವು ತಾರೀಖು ಹೇಳಿ ಸಾಕು ಅನ್ನುತ್ತಾರಂತೆ.

ಮೊದಲ ವಾರದಲ್ಲೇ ಅವಳ ಫೋನ್. ಬೀಜದ ಕಂಪನಿಯಲ್ಲಿ ಬೀಜ ಆರಿಸುವ ಹೆಂಗಸೊಬ್ಬಳು ಮಗನನ್ನು ಕರಕೊಂಡು ಬಂದಿದ್ದಾಳೆ. ಬೀಜಕ್ಕೆ ಹಚ್ಚುವ ಔಷಧದ ಧೂಳಿಗೆ ಹುಡುಗ ಕೆಮ್ಮುತ್ತಾನೆ. ವಯಸ್ಸು ಮೂರು ತಿಂಗಳು ಕಮ್ಮಿ.

ಏನು ಮಾಡಿದೆ ಎಂದು ಕೇಳಿದೆ. ಸುಳ್ಳು ತಾರೀಖು ಬರೆದಳು ಅಂದರೆ ನಾನು ಕಲಿಸಿದ್ದು ಏನು? ವಾಪಸು ಕಳಿಸಿದಳು ಅಂದರೆ ಮೆಹಬೂಬಿಗೆ ಏನು ಉತ್ತರ?

"ಬರೀಲಿಲ್ರಿ ಮಿಸ್. ಕಳಸಲೂ ಇಲ್ಲ," ಎಂದಳು. "ಹೆಡ್ ಮೇಡಂಗ ಕೇಳಿದೆ. ಹೆಸರ ಮುಂದಿನ ವರ್ಷ ಹಚ್ಚೂಣು, ಹುಡುಗ ಈ ವರ್ಷದಿಂದ ಬಂದ ಕುಂದರಲಿ ಅಂದೆ. ಹಾಜರಿ ಇಲ್ಲ, ಯೂನಿಫಾರ್ಮ್ ಇಲ್ಲ. ಹಿಂದಿನ ಬೆಂಚಿನ್ಯಾಗ ಕುಂತಾನ. ಜ್ವಾಳದ ರೊಟ್ಟಿ ತಿನ್ನಾಕತ್ತಾನ ನೋಡ್ರಿ, ಈಗ."

ಫೋನಿನಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. ಮಿಸ್ ಇದ್ದೀರೇನ್ರಿ ಎಂದು ಅವಳು ಎರಡು ಸಲ ಕೇಳಿದಳು.

ಗುತ್ತಲದ ಹುಡುಗಿಗೂ ಕರ್ಜಗಿಯ ಹುಡುಗಿಗೂ ಹೇಳಬೇಕಾಗಿದ್ದುದು ಇಷ್ಟೇ. ಬ್ಯಾಡಗಿಯ ನಮ್ಮ ಒಂದನೇ ಕ್ಲಾಸಿನಲ್ಲಿ, ಕಿಟಕಿಯ ಪಕ್ಕ, ಹಿಂದೆ ಒಂದು ಬೆಂಚು ಇತ್ತು. ಒಂದು ಕಾಲು ಸ್ವಲ್ಪ ಗಿಡ್ಡ, ಕೆಳಗೆ ಹೆಂಚಿನ ಚೂರು ಇಟ್ಟಿದ್ದೆವು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಮೆಹಬೂಬಿ ಬಂದ ಆ ಜೂನಿನಲ್ಲೂ ಅದು ಖಾಲಿಯೇ ಇತ್ತು.